ಊಟದ ಹೊತ್ತಿನ ಮಿಸ್ತ್ರಿ

ಸಿಂಧನೂರಿನ ಅಕ್ಕಿ ಗಿರಣಿಯೊಂದರಲ್ಲಿ ನಾನು ಗುಮಾಸ್ತನಾಗಿದ್ದಾಗ ಅಲ್ಲೊಬ್ಬ ಮಿಸ್ತ್ರಿ ಇದ್ದರು. ಮಧ್ಯಾಹ್ನ ಯಂತ್ರ ನಿಂತೊಡನೆ ಉಳಿದವರೆಲ್ಲ ಬುತ್ತಿ ಬಿಚ್ಚಿದರೆ, ಅವರು ಎಣ್ಣೆಡಬ್ಬಿ ಹಿಡಿದು ಒಂದೊಂದೇ ಬೆಲ್ಟನ್ನು ಅಂಗೈಯಿಂದ ಸವರಿ ನೋಡುತ್ತಿದ್ದರು.

"ಮಿಸ್ತ್ರಿ, ಮಷೀನಿಗೂ ಒಂದು ತುತ್ತು ಹಾಕಪಾ," ಎಂದು ಹಮಾಲರು ನಗುವರು.

"ಬುತ್ತಿ ಎಲ್ಲಿ ಓಡಿ ಹೋಗತೈತಿ? ಇದನ್ನ ನಿಂತಾಗನ ನೋಡಬೇಕು," ಎಂಬುದು ಅವರ ದಿನದ ಮಾತು.

ಒಂದು ದಿನ ಹೊರಗೆ ಲಾರಿ ಕಾಯುತ್ತಿತ್ತು. ಪದವೀಧರನೆಂಬ ಧಿಮಾಕಿನಲ್ಲಿ ಯಾರನ್ನೂ ಕೇಳದೆ, ಊಟದ ಹೊತ್ತು ಮುಗಿಯುವ ಮೊದಲೇ ನಾನು ಸ್ವಿಚ್ ಒತ್ತಿದೆ. ಯಂತ್ರ ಅಲುಗಲಿಲ್ಲ. ಮತ್ತೆ ಒತ್ತಿದೆ. ಅಷ್ಟರಲ್ಲಿ, ತಂಪಿಗೆಂದು ಬೆಲ್ಟಿನ ಕೆಳಗಿನ ಗುಂಡಿಗೆ ಇಳಿದು ಮಲಗಿದ್ದ ಜವಳಗೇರಾದ ಹೆಣ್ಣಾಳು ಕಣ್ಣುಜ್ಜುತ್ತ ಮೇಲೆ ಬಂದಳು.

ಮಿಸ್ತ್ರಿ ನನ್ನನ್ನೇ ನೋಡುತ್ತ ಜೇಬಿನಿಂದ ಫ್ಯೂಸ್ ತೆಗೆದು ತೋರಿಸಿದರು. ಯಂತ್ರ ಮುಟ್ಟುವ ಮೊದಲು ದಿನಾ ಅದನ್ನು ಕಿತ್ತು ಇಟ್ಟುಕೊಳ್ಳುತ್ತಿದ್ದರಂತೆ. ಇಂದಿಗೂ ಊಟಕ್ಕೆ ಕುಳಿತಾಗ ಆ ಸ್ವಿಚ್ಚಿನ ಸದ್ದು ಕೇಳಿದಂತಾಗಿ ನನ್ನ ಕೈ ನಿಲ್ಲುತ್ತದೆ.

"ಯಾಕ್ರೀ ಸಾಹೇಬ್ರ, ಹಿಂಗ ಬೆವತೀರಿ?" ಎಂದಳು ಅಂದು ಗುಂಡಿಯಿಂದ ಎದ್ದು ಬಂದ ಆಕೆ.



"ಬಿಸಲು ಭಾಳ ಐತವ್ವ," ಎಂದು ನನ್ನ ಪರವಾಗಿ ಮಿಸ್ತ್ರಿಯೇ ಉತ್ತರಿಸಿದರು.