ಬೆಚ್ಚಗಿನ ಬೂದಿ

ಬರ್ಮಿಂಗ್‌ಹ್ಯಾಮ್ ಕಾಲುವೆಯಲ್ಲಿ ಬೆರಿಲ್, ಕ್ಲೈವ್ ದಂಪತಿಗೆ ದೋಣಿಯೇ ಮನೆ. ಒಲೆಯ ಬೂದಿ ಬಳಿದು, ತಗಡಿನ ಬಕೆಟ್ಟಿಗೆ ತುಂಬಿ, ಮುಚ್ಚಳ ಹಾಕಿ ಹೊರಗೆ ದಡದ ಮೇಲಿಡುವುದು ಮದುವೆಯಾದಾಗಿನಿಂದಲೂ ಬೆರಿಲ್‌ಳ ಕೆಲಸ.

ಅಂದು ಅವಳು ಮಗಳ ಬಾಣಂತನಕ್ಕೆ ಹೊರಡಬೇಕಿತ್ತು. "ನೀನು ಹೋಗೇ, ಬೂದಿ ತೆಗೆಯೋದೇನು ಮಹಾ ವಿದ್ಯೆನಾ?" ಎಂದ ಕ್ಲೈವ್ ಬೆಳಿಗ್ಗೆ ತಾನೇ ಬೂದಿ ಬಳಿದ.

ಬಟ್ಟೆ ಜೋಡಿಸುತ್ತಿದ್ದ ಬೆರಿಲ್‌ಳಿಗೆ ತಲೆ ಸಿಡಿಯತೊಡಗಿತು, ಹೊಟ್ಟೆ ತೊಳಸಿತು. ತಿರುಗಿ ನೋಡಿದರೆ ತೆರೆದ ಬಕೆಟ್ಟು ಮಂಚದ ಪಕ್ಕದಲ್ಲೇ ಇತ್ತು. ಅದರ ಮೇಲೆ ಕೈ ಕಾಯಿಸುತ್ತ ಕ್ಲೈವ್ ತೂಕಡಿಸುತ್ತಿದ್ದ. ಅವಳು ಬಾಗಿಲು ತೆರೆದು ಮೊದಲು ಅವನನ್ನು, ಆಮೇಲೆ ಬಕೆಟ್ಟನ್ನು ಹೊರಗೆಳೆದಳು.

"ಚಳಿ ಕಣೇ! ಅಷ್ಟು ಬಿಸಿ ಯಾಕೆ ದಂಡ ಮಾಡ್ಬೇಕು?"

"ಬೂದಿಯೊಳಗಿನ ಕೆಂಡ ವಿಷಗಾಳಿ ಬಿಡುತ್ತೆ ಮಹರಾಯ. ಇಬ್ಬರೂ ಹೆಣವಾಗಿರ್ತಿದ್ವಿ."

"ನೀನು ಯಾವತ್ತೂ ಹೇಳಲೇ ಇಲ್ಲ!"

"ನೀನು ಯಾವತ್ತಾದ್ರೂ ಬಕೆಟ್ಟು ಮುಟ್ಟಿದ್ಯಾ?"

ಅಷ್ಟರಲ್ಲಿ ಮಗಳಿಗೆ ನೋವು ಶುರುವಾಗಿದೆಯೆಂದು ಅಳಿಯನ ಫೋನ್ ಬಂತು. ಬೆರಿಲ್ ಒಲೆ ಆರಿಸಿ, ಕಲ್ಲಿದ್ದಲ ಮೂಟೆಯನ್ನೆಲ್ಲ ಪಕ್ಕದ ದೋಣಿಗೆ ಹೊತ್ತು ಹಾಕಿದಳು.

"ನನಗೆ ಚಳಿಯಾದ್ರೆ?"

"ಕಂಬಳಿ ಹೊದ್ದುಕೋ."

ಅವನು ಮೂಟೆ ವಾಪಸು ಕೇಳಿ ತಂದಾನೆಂಬ ಭಯ ರೈಲು ಪ್ರಯಾಣದುದ್ದಕ್ಕೂ ಅವಳನ್ನು ಬಿಡಲಿಲ್ಲ.