ಬಂಡೆಯ ಸೊಂಟ ಸವೆಸಿದ ಆರೋಪ

"ಇಪ್ಪತ್ತಾರು ವರ್ಷ ಗುಡಿಸಿದ್ದೀನಿ ಸಾಹೇಬ್ರೇ. ಮೂರು ತಿಂಗಳಿಗೊಂದು ಪೊರಕೆ ಮೋಟಾಗುತ್ತೆ. ನೂರು ಪೊರಕೆ ತಿಂದು ತೇಗಿದ ಬಂಡೆ ಅದು. ಪೊರಕೆಗೆ ಬಂಡೆ ಸವೆಯೋದಾಗಿದ್ರೆ ನಮ್ಮನೆ ಅಂಗಳ ಇಷ್ಟೊತ್ತಿಗೆ ಬಾವಿ ಆಗಿರ್ಬೇಕಿತ್ತು. ನನ್ನ ಕೈಲಿ ಅಷ್ಟು ಕಸುವಿದ್ದಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ? ಗುಡ್ಡ ಕೊರೆದು ಮನೆ ಮಾಡ್ಕೊಂಡು ಹಾಯಾಗಿ ಮಲಗಿರ್ತಿದ್ದೆ."

ಪೊರಕೆಯಕ್ಕ ಹೀಗೆ ಹೇಳುವಾಗ ಹೊಸ ಸಾಹೇಬರು ಬಂಡೆ ಅಳೆದ ಟೇಪು ಸುತ್ತಿಕೊಳ್ಳುತ್ತಿದ್ದರು. ಬೇರೆ ಲೋಕದಿಂದ ಉದುರಿಬಿದ್ದ ಅಣಬೆಗಳಂತಿದ್ದವು ಆ ಬಯಲಿನ ಬಂಡೆಗಳು: ಮೇಲೆ ಆನೆಗಾತ್ರದ ಟೊಪ್ಪಿ, ಕೆಳಗೆ ಸಣ್ಣ ಸೊಂಟ. ನೋಡಲು ಬಂದವರ ಕಸವನ್ನೂ ಬುಡದ ಮರಳನ್ನೂ ಗುಡಿಸುವುದು ಅವಳ ಕೆಲಸ. ಬಂಡೆ ಸವೆದಿರುವುದು ಮೊಣಕಾಲೆತ್ತರದವರೆಗೆ. ಪೊರಕೆ ತಾಗುವುದೂ ಅಷ್ಟೇ ಎತ್ತರಕ್ಕೆ. ಬಹಳ ಓದಿಕೊಂಡಿದ್ದ ಸಾಹೇಬರಿಗೆ ಇಷ್ಟು ಸಾಕ್ಷಿ ಸಾಕಾಯಿತು. ಕೆಲಸದಿಂದ ಏಕೆ ತೆಗೆಯಬಾರದೆಂದು ನೋಟಿಸು ಕೊಟ್ಟೇಬಿಟ್ಟರು.

ಟಿಕೆಟ್ ಕಿಟಕಿಯಲ್ಲಿ ಕೂರುವ ಅಳಿಯ ಪಿಸುಗುಟ್ಟಿದ: "ಅತ್ತೇ, ತಪ್ಪಾಯ್ತು ಅಂದ್ಬಿಡಿ."

"ಅಂದ್ರೆ ಕೆಲಸ ಉಳಿಯುತ್ತೇನಪ್ಪಾ? ಬಂಡೆ ಕೆತ್ತಿದ ಕೀರ್ತಿ ಮಾತ್ರ ಉಳಿಯುತ್ತೆ."

ಅವಳು ಸಾಹೇಬರನ್ನು ಹಳ್ಳದಾಚೆಗೆ ಕರೆದೊಯ್ದಳು. ಪೊರಕೆಯ ಮುಖವನ್ನೇ ಕಾಣದ ಬಂಡೆಯೊಂದು ಅಲ್ಲಿತ್ತು. ಅದರ ಸೊಂಟ ಇನ್ನೂ ಸಣ್ಣ.

"ಇದನ್ನ ಗುಡಿಸೋರು ಯಾರಮ್ಮಾ?" ಸಾಹೇಬರ ಗತ್ತು ಇಳಿದಿರಲಿಲ್ಲ.

"ಬರ್ತಾರೆ, ಸ್ವಲ್ಪ ಇರಿ. ಅವರದು ಮಧ್ಯಾಹ್ನದ ಡ್ಯೂಟಿ."

ಬಂತು, ಗಾಳಿ. ಮರಳು ನೆಲ ಸವರಿಕೊಂಡು ಓಡಿಬಂದು ಸಾಹೇಬರ ಕಾಲಿಗೆ ಸೂಜಿಯಂತೆ ಚುಚ್ಚಿತು. ಅವರು ಕುಣಿದರು. ಇಸ್ತ್ರಿಯ ಶರಟಿಗೆ ಮಾತ್ರ ಒಂದು ಕಾಳೂ ತಾಗಲಿಲ್ಲ.

ಬಂಡೆ ತೋರಿಸಲು ಮಕ್ಕಳನ್ನು ಕರೆತರುವ ಮೇಷ್ಟ್ರ ಮಾತನ್ನು ಪೊರಕೆಯಕ್ಕ ವರ್ಷಗಟ್ಟಲೆ ಕೇಳಿಸಿಕೊಂಡಿದ್ದಳು. "ಮರಳು ಭಾರ ಸಾಹೇಬ್ರೇ, ಗಾಳಿ ಎಷ್ಟು ಎತ್ತಿದ್ರೂ ಮೊಣಕಾಲು ದಾಟೋದು ಕಷ್ಟ. ಅದಕ್ಕೇ ಕೆಳಗೇ ಉಜ್ಜುತ್ತೆ. ಮೇಲಿನ ಟೊಪ್ಪಿ ಗಟ್ಟಿ ಕಲ್ಲು, ಕೆಳಗಿಂದು ಮೆದು. ಸಾವಿರಾರು ವರ್ಷದ ಸರ್ವಿಸ್ ಅವರದು. ಅವರಿಗೂ ಒಂದು ನೋಟಿಸು ಕಳ್ಸಿ."

ಸಾಹೇಬರು ಆಫೀಸಿಗೆ ಬಂದವರೇ, ತಾವು ಖುದ್ದು ಕಂಡುಹಿಡಿದಂತೆ ಬಂಡೆ ಸವೆಯಲು ಗಾಳಿಯೇ ಕಾರಣವೆಂದು ಬರೆದು, ನೋಟಿಸನ್ನು ವಾಪಸು ಪಡೆದರು. ಆಮೇಲೆ ಬೂಟು ಬಿಚ್ಚಿ ಕೊಡವಿದರು. ಕೋಣೆಯ ನಡುವೆ ಎರಡು ಬೊಗಸೆ ಮರಳು.

"ಅಮ್ಮಾ, ಇದೊಂಚೂರು..."

ಪೊರಕೆಯಕ್ಕ ಆಗಲೇ ಬಗ್ಗಿದ್ದಳು. ಮೇಜಿನ ಕಾಲು ಸವೆದುಹೋದೀತೆಂಬಂತೆ ಅದರ ಸುತ್ತ ಮೆಲ್ಲಗೆ ಗುಡಿಸಿದಳು.

"ಕಾಲೆತ್ತಿ ಸಾಹೇಬ್ರೇ."