ಒಂಟಿ ಎತ್ತಿನ ಪರೀಕ್ಷೆ

ಗದಗಿನ ಸಣ್ಣ ವಸ್ತುಸಂಗ್ರಹಾಲಯವೊಂದು ಬೇಸಿಗೆ ರಜೆಯಲ್ಲಿ ಮಕ್ಕಳಿಗಾಗಿ ‘ಕೌಬಾಯ್ ಹಬ್ಬ’ ಇಟ್ಟುಕೊಂಡಿದೆ ಎಂದು ಗೊತ್ತಾದಾಗ ನಾನು ಮೊದಲು ಮಾಡಿದ್ದು ಜಗಳ. ಸ್ವಯಂಸೇವಕಿಯಾಗಲು ಹೋದವಳು, ಹೆಸರು ಬರೆಸುವ ಮೊದಲೇ ಅಲ್ಲಿನ ಮೇಲ್ವಿಚಾರಕಿಯನ್ನು ಕೇಳಿದೆ: “ಮೇಡಂ, ನಮ್ಮಲ್ಲೇ ದನ ಕಾಯೋರು ಇರೂವಾಗ ಅಮೆರಿಕಾದ ದನ ಕಾಯೋರು ಯಾಕ ಬೇಕ್ರಿ?”

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ಗಂಟಲು ನನ್ನದು. ಆಕೆ ಮಾತ್ರ ರಟ್ಟಿನ ಟೋಪಿಗೆ ಅಂಟು ಹಚ್ಚುತ್ತಲೇ ಹೇಳಿದರು: “ಟೋಪಿ ಆಸೆಗೆ ಹುಡುಗರು ಒಳಗ ಬರತಾರ. ಬಂದಮ್ಯಾಲ ನಮ್ಮ ನೊಗ, ಬಿತ್ತೋ ಕೂರಿಗಿ ನೋಡತಾರ. ಬರೇ ಕೂರಿಗಿ ನೋಡಾಕ ಬಾ ಅಂದಿದ್ರ ನೀನಾರ ಬರತಿದ್ದೇನು?”

ನಾನೂ ಒಂದು ಟೋಪಿ ಕೈಗೆತ್ತಿಕೊಂಡೆ.

ಮಕ್ಕಳನ್ನು ಕೂಡಿಸಿಕೊಂಡು ಅಂಗಳದಲ್ಲಿ ಸುತ್ತು ಹಾಕಲು ಎತ್ತಿನ ಚಕ್ಕಡಿ ಬೇಕಿತ್ತು. ಹೊಂಬಳದ ನನ್ನ ಸೋದರಮಾವನನ್ನು ಸೂಚಿಸಿದವಳು ನಾನೇ. ಮಾವನ ಓಣಿಯಲ್ಲಿ ಎಲ್ಲರ ಮನೆ ಮುಂದೂ ಟ್ರ್ಯಾಕ್ಟರ್. ಅವನ ಮನೆ ಮುಂದೆ ಒಂದು ಬಿಳಿ ಎತ್ತು, ಒಂದು ಕೆಂದ ಎತ್ತು. “ನಿನ್ನ ಗಾಡಿಗೆ ಡೀಸೆಲ್ ಎಷ್ಟು ಹಿಡಿತೈತೋ?” ಎಂದು ಅಣಕಿಸುವವರಿಗೆಲ್ಲ, ಪ್ಯಾಟಿ ಹುಡುಗರು ತನ್ನ ಚಕ್ಕಡಿ ಹತ್ತುತ್ತಾರೆ ಎಂದು ಸಾರಿಯೇ ಅವನು ಹಬ್ಬದ ದಿನ ಬಂದಿದ್ದ. ಕೋಡಿಗೆ ಹೊಸ ಗೊಂಡೆ, ಗಾಲಿಗೆ ಎಣ್ಣೆ, ಮಕ್ಕಳು ಕೂಡಲು ಅತ್ತೆಯ ಕೌದಿ.

ಮೇಲ್ವಿಚಾರಕಿ ಒಂದು ಷರತ್ತು ಹಾಕಿದರು. ಹಗ್ಗ ಹಿಡಿಯದೆ, ಬರೀ ದನಿಗೆ ಬರುವ ಎತ್ತಾದರೆ ಮಾತ್ರ ಮಕ್ಕಳು ಹತ್ತಬೇಕು. ಇಲ್ಲದಿದ್ದರೆ ಎತ್ತು ಗೂಟಕ್ಕೆ, ಚಕ್ಕಡಿ ನೋಡುವುದಕ್ಕಷ್ಟೇ.

“ಅಷ್ಟ ಏನ್ರಿ? ನಾ ಕೂಗಿದ್ರ ಹೊಲದ ಆ ತುದಿಯಿಂದ ಬರತಾವ,” ಎಂದ ಮಾವ.

“ಹಿಂಡಿ ಬುಟ್ಟಿ ತೋರಿಸಿದ್ರ ನಾ ಕರದ್ರೂ ಬರತಾವ,” ಎಂದೆ.

ಸ್ವಂತ ಮಾವನೆಂದು ಪಕ್ಷಪಾತ ಮಾಡಿದಳು ಅನ್ನಿಸಿಕೊಳ್ಳಬಾರದಲ್ಲ, ನಿಯಮಗಳನ್ನು ನಾನೇ ಬಿಗಿ ಮಾಡಿದೆ. ಹಿಂಡಿ ಬುಟ್ಟಿ ಮರೆಯಲ್ಲಿರಬೇಕು. ಬಾರಕೋಲು ಕೈಯಲ್ಲಿರಬಾರದು. ಎತ್ತುಗಳನ್ನು ಒಂದೊಂದಾಗಿಯೇ ಬಿಡಬೇಕು. ಒಂದನ್ನು ನೋಡಿ ಇನ್ನೊಂದು ಬಂದರೆ ಅದು ದನಿಗೆ ಬಂದಂತಾಗುವುದಿಲ್ಲ.

“ಒಂದೊಂದ ಯಾಕ್ ಬೇ?”

“ನ್ಯಾಯಕ್ಕ, ಮಾವಾ.”

“ನಿನ್ನ ನ್ಯಾಯ ಎತ್ತಿಗೆ ತಿಳೀಬೇಕಲ್ಲ.”

ಮಾವನ ಜೊತೆ ಬಂದಿದ್ದ ಅಸುಂಡಿಯ ಗೆಳೆಯ ಕೆಂದ ಎತ್ತನ್ನು ಹಿಡಿದುಕೊಂಡು ಬಿಳಿಯದನ್ನು ಬಿಟ್ಟ. “ಹೋ, ಬಾರೋ ನನ್ನಪ್ಪಾ,” ಎಂದು ಮಾವ ಕರೆದ. ಬಿಳಿ ಎತ್ತು ಕಿವಿ ನಿಮಿರಿಸಿ ಒಂದು ಹೆಜ್ಜೆ ಇಟ್ಟಿತು. ತಿರುಗಿ ಕೆಂದನನ್ನು ನೋಡಿ ನಿಂತುಬಿಟ್ಟಿತು. ಇನ್ನೊಮ್ಮೆ ಕರೆದ. ಊಹೂಂ.

“ಕೌಬಾಯ್ ಹಬ್ಬರೀ ಇದು, ಇಂಗ್ಲಿಷಿನ್ಯಾಗ ಕರೀರಿ!” ಎಂದು ಸುತ್ತ ನೆರೆದ ಗುಂಪಿನಲ್ಲೊಬ್ಬ ಕೂಗಿದ. ಟೋಪಿಗಳೆಲ್ಲ ನಕ್ಕವು. ಕೆಂದನನ್ನು ಬಿಟ್ಟಾಗಲೂ ಅದೇ ಕಥೆ.

ಮಾವ ಯಾರ ಮುಖವನ್ನೂ ನೋಡದೆ ಚಕ್ಕಡಿಯ ಹತ್ತಿರ ಹೋಗಿ ಕೌದಿ ಮಡಚತೊಡಗಿದ. ನನಗೆ ಅಲ್ಲಿಯತನಕ ಇದ್ದ ಹುರುಪು ಇಳಿದುಹೋಯಿತು.

“ಊರಾಗ ಖರೇನ ಬರತಾವಲ್ಲ ಮಾವಾ, ಇಲ್ಯಾಕ ಬರವಲ್ವು?”

“ಊರಾಗ ಒಂದನ್ನಽ ಎಂದಾರ ಕರದೀನೇನು? ಆರು ವರ್ಷಾತು, ಕೂಡೇ ಮೇಯ್ದು ಕೂಡೇ ದುಡದಾವ. ಜೋಡಿ ಬಿಟ್ಟು ಒಂದ ಹೆಂಗ ಬರತೈತಿ?”

ಚರ್ಚೆಯಲ್ಲಿ ನನ್ನ ಮಾತನ್ನು ನಾನೇ ಹಿಂದಕ್ಕೆ ತೆಗೆದುಕೊಂಡದ್ದಿಲ್ಲ. ಅವತ್ತು ಮೇಲ್ವಿಚಾರಕಿಯ ಮುಂದೆ ನಿಂತು ಹೇಳಿದೆ: “ಪರೀಕ್ಷೆನ ತಪ್ಪೈತ್ರಿ. ತಪ್ಪು ನಂದು.”

“ಈಗ ಮಾವನ ವಕೀಲಿಕೀನೂ ನಿಂದಽ ಏನು?”

“ಅಲ್ರಿ, ಚಕ್ಕಡಿ ಎಳಿಯೋದು ಜೋಡಿ. ನಾ ಪರೀಕ್ಷೆ ಮಾಡಿದ್ದು ಒಂಟಿ.”

ಆಕೆ ಅಸುಂಡಿಯವನ ಕಡೆ ತಿರುಗಿ, “ಎರಡೂ ಬಿಡ್ರಿ,” ಎಂದರು.

ಮಾವ ಈ ಸಲ ಮೆತ್ತಗೆ ಕರೆದ. ಎರಡೂ ಎತ್ತು ಅಂಗಳ ದಾಟಿ ಸೀದಾ ಅವನ ಮುಂದೆ ಬಂದು ನಿಂತವು. ಬಿಳಿಯದು ಎಡಕ್ಕೆ, ಕೆಂದದ್ದು ಬಲಕ್ಕೆ, ನಡುವೆ ಹೂಡಿದಾಗ ಇರುವಷ್ಟೇ ಅಂತರ. ಹೆಗಲ ಮೇಲೆ ನೊಗವೊಂದು ಮಾತ್ರ ಇರಲಿಲ್ಲ.

ಆದರೂ ನನಗೊಂದು ಸಂಶಯ: ಯಾರು ಕರೆದರೂ ಬರುತ್ತಿದ್ದವೋ ಏನೋ. ಎತ್ತುಗಳನ್ನು ಮೊದಲಿನ ಜಾಗಕ್ಕೆ ಕಳಿಸಿ, ಅದೇ ಮಾತಿನಲ್ಲಿ ನಾನೂ ಕರೆದೆ. ಎರಡೂ ನನ್ನನ್ನು ನೋಡುತ್ತ ಮೆಲುಕು ಹಾಕಿದವು.

“ತಂಗೀ, ಅದು ಭಾಷಣ ಆತು, ಕರಿಯೋದಲ್ಲ!” ಎಂದ ಮತ್ತದೇ ಗುಂಪಿನವ. ಮಾವ ಆಗಲೇ ಕೌದಿ ಹಾಸುತ್ತಿದ್ದ.

ಮಕ್ಕಳು ಟೋಪಿ ಸಮೇತ ಹತ್ತಿದರು. ಒಬ್ಬಳು ಮಾವನ ರುಮಾಲಿನ ಮೇಲೂ ಒಂದು ಟೋಪಿ ಇಟ್ಟಳು. ಅದು ಅಲ್ಲಿ ಹೇಗೋ ಕೂತಿತು.

“ಒಮ್ಮೆ ಬಂದ್ರ ಪುರಾವೆ ಅಲ್ಲ ಮಾವಾ,” ಎಂದೆ.

“ಹತ್ತು. ಹುಡುಗರ ನಡಕ ಕುಂತು ನೋಡಕೋತ ಇರು.”

ಪ್ರತಿ ಸುತ್ತಿನ ಕೊನೆಗೆ ಹಗ್ಗ ಮುಟ್ಟದೆ ಬರೀ “ಹೋ” ಎಂದು ಚಕ್ಕಡಿ ನಿಲ್ಲಿಸಿ, ನನ್ನ ಕಡೆ ತಿರುಗಿ ಒಂದೊಂದೇ ಬೆರಳು ಬಿಚ್ಚುತ್ತಿದ್ದ. ಎಂಟನೆಯ ಬೆರಳಿಗೆ ನಾನು ಆಕ್ಷೇಪ ಹಿಂತೆಗೆದುಕೊಂಡೆ. ಮಾವ ಇನ್ನೆರಡು ಸುತ್ತು ಹೊಡೆದು ಹತ್ತೂ ಬಿಚ್ಚಿಯೇ ಬಿಟ್ಟ.